ಕಡಲಂಚಿನ ಗುಡಿಸಲಿನಲ್ಲಿ ನಾಲ್ಕು ದಿನ ಇರುವುದು ಹೇಗೆ?

ಸಮುದ್ರದ ಪಕ್ಕದ ಗುಡಿಸಲಿನಲ್ಲಿ ಮೊದಲ ಸಲ ಮಲಗಿದ ರಾತ್ರಿ ನನಗೆ ಎರಡು ಗಂಟೆಗೆ ಎಚ್ಚರವಾಯಿತು. ಅಲೆಯ ಸದ್ದು ಮಂಚದ ಕೆಳಗಿಂದಲೇ ಬರುತ್ತಿದೆ ಅನ್ನಿಸಿತು. ಟಾರ್ಚ್ ಹಿಡಿದು ಬಾಗಿಲು ತೆಗೆದೆ. ಸಂಜೆ ಮರಳ ಮೇಲೆ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ, ಚಾಪೆಯೂ ಇರಲಿಲ್ಲ. ಸಂಜೆ ಅಷ್ಟು ದೂರ ಇದ್ದ ನೀರು ಈಗ ಮೆಟ್ಟಿಲಿಗೆ ಹತ್ತೇ ಹೆಜ್ಜೆ. ಮೇಲೆ ಪೂರ್ಣ ಚಂದ್ರ. ಬೆಳಗಾಗುವವರೆಗೂ ಕಣ್ಣು ಮುಚ್ಚಲಿಲ್ಲ.

ಆ ರಾತ್ರಿ ಅಪಾಯ ಏನೂ ಇರಲಿಲ್ಲ ಅಂತ ಮರುದಿನ ಗೊತ್ತಾಯಿತು. ಹುಣ್ಣಿಮೆಯ ಉಬ್ಬರ ಅಷ್ಟೇ. ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ನಾನು ಸುಖವಾಗಿ ಮಲಗುತ್ತಿದ್ದೆ. ಸಮುದ್ರಕ್ಕೆ ಅದರದ್ದೇ ಹೊತ್ತುಗೊತ್ತು ಇದೆ. ಗಟ್ಟಿ ಗೋಡೆ, ದೀಪ, ನಲ್ಲಿ ನೀರು ಇರುವ ಹೋಟೆಲಿನಲ್ಲಿ ಅದು ನಮಗೆ ತಿಳಿಯುವುದೇ ಇಲ್ಲ. ಹುಲ್ಲಿನ ಮಾಡು, ಹಲಗೆ ಗೋಡೆಯ ಗುಡಿಸಲಿನಲ್ಲಿ ನಾವು ಏಳುವುದು, ಈಜುವುದು, ದೀಪ ಆರಿಸುವುದು ಎಲ್ಲವೂ ಆ ಹೊತ್ತಿಗೆ ಹೊಂದಿಕೊಳ್ಳಬೇಕು. ಹಾಗೆ ಹೊಂದಿಕೊಂಡವರಿಗೆ ಅಂಥ ಜಾಗ ತುಂಬಾ ಕೊಡುತ್ತದೆ. ಹೊಂದಿಕೊಳ್ಳುವುದು ಹೇಗೆ ಅನ್ನುವುದನ್ನು ಮೊದಲಿಂದ ಹೇಳುತ್ತೇನೆ.

ಹೆಜ್ಜೆ 1: ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಕಡಲತೀರದ ಫೋಟೋಗಳನ್ನು ಹೆಚ್ಚಾಗಿ ಇಳಿತದ ಹೊತ್ತಲ್ಲಿ ತೆಗೆದಿರುತ್ತಾರೆ. ಆಗ ಮರಳು ವಿಶಾಲವಾಗಿ ಕಾಣುತ್ತದೆ. ಅದೇ ಜಾಗ ಆರು ಗಂಟೆ ಬಿಟ್ಟು ನೋಡಿದರೆ ಬೇರೆಯೇ ಇರುತ್ತದೆ. ಹಾಗಾಗಿ "ಬೀಚಿಗೆ ಎಷ್ಟು ದೂರ" ಅಂತ ಕೇಳಬೇಡಿ. "ಹುಣ್ಣಿಮೆ ಅಮಾವಾಸ್ಯೆಯಲ್ಲಿ ನೀರು ಎಲ್ಲಿವರೆಗೆ ಬರುತ್ತದೆ" ಅಂತ ಕೇಳಿ. ಉತ್ತರ ಥಟ್ಟನೆ ಬಂದರೆ ಆ ಮನುಷ್ಯ ಅಲ್ಲೇ ಬದುಕುವವರು ಅಂತ ಅರ್ಥ. ತಡವರಿಸಿದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ.

ಕುಡಿಯುವ ನೀರು ಎಲ್ಲಿಂದ? ಸ್ನಾನಕ್ಕೆ ಸಿಹಿನೀರೋ ಉಪ್ಪುನೀರೋ? ಶೌಚಾಲಯ ಒಳಗೋ ಹೊರಗೋ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಬೆಳಕಿದೆಯೇ? ಕರೆಂಟ್ ಇದ್ದರೆ ಎಷ್ಟು ಹೊತ್ತು? ಫೋನ್ ಸಿಗ್ನಲ್ ಸಿಗುತ್ತದೆಯೇ, ಸಿಗದಿದ್ದರೆ ಎಲ್ಲಿವರೆಗೆ ನಡೆದರೆ ಸಿಗುತ್ತದೆ? ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ: ರಾತ್ರಿ ಹತ್ತಿರದಲ್ಲಿ ಯಾರಿರುತ್ತಾರೆ? ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಬ್ಬರಾದರೂ ಇರಬೇಕು. ಹತ್ತಿರದ ಆಸ್ಪತ್ರೆ ಎಲ್ಲಿ, ಅಲ್ಲಿಗೆ ಯಾವ ಗಾಡಿ ಸಿಗುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಹಾಸಿಗೆ ಹೇಗಿದೆ, ಟವೆಲ್ ಕೊಡುತ್ತಾರಾ ಅನ್ನುವುದನ್ನೆಲ್ಲ ಆಮೇಲೆ ಕೇಳಿದರೂ ನಡೆಯುತ್ತದೆ.

ಹೆಜ್ಜೆ 2: ದಿನ ಆರಿಸುವುದು

ಮಳೆಗಾಲ ಮತ್ತು ಚಂಡಮಾರುತದ ಕಾಲವನ್ನು ಬಿಟ್ಟುಬಿಡಿ. ಇದರಲ್ಲಿ ಎರಡು ಮಾತಿಲ್ಲ. ಉಳಿದ ದಿನಗಳಲ್ಲಿ ಚಂದ್ರನನ್ನು ನೋಡಿ ಆರಿಸಿ.

ಹುಣ್ಣಿಮೆ ಮತ್ತು ಅಮಾವಾಸ್ಯೆಯ ಹೊತ್ತಿಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಸೂರ್ಯ, ಚಂದ್ರ ಎರಡೂ ಸೇರಿ ನೀರನ್ನು ಸೆಳೆಯುವುದರಿಂದ ಉಬ್ಬರ ತುಂಬಾ ಮೇಲಕ್ಕೆ ಬರುತ್ತದೆ, ಇಳಿತ ತುಂಬಾ ಕೆಳಕ್ಕೆ ಹೋಗುತ್ತದೆ. ಈ ಜೋರು ಹೆಚ್ಚಿನ ಕಡೆ ಹುಣ್ಣಿಮೆ ಅಮಾವಾಸ್ಯೆಯ ದಿನಕ್ಕಿಂತ ಒಂದೆರಡು ದಿನ ತಡವಾಗಿ ಕಾಣುತ್ತದೆ. ಅರ್ಧ ಚಂದ್ರ ಇರುವ ದಿನಗಳಲ್ಲಿ ನೀರಿನ ಏರಿಳಿತ ಕಡಿಮೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಮೊದಲ ಸಲ ಹೋಗುವವರಿಗೆ ಅಷ್ಟಮಿಯ ಆಸುಪಾಸು ಒಳ್ಳೆಯದು. ನಕ್ಷತ್ರ ನೋಡಬೇಕು ಅನ್ನುವವರು ಅಮಾವಾಸ್ಯೆಯ ಹತ್ತಿರ ಹೋಗಲಿ, ಆದರೆ ಉಬ್ಬರದ ವೇಳೆ ಗೊತ್ತಿಟ್ಟುಕೊಂಡು ಹೋಗಲಿ.

ಆ ವೇಳೆಯ ಲೆಕ್ಕ ಸುಲಭ. ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಉಬ್ಬರ ಇದ್ದರೆ 12 ಗಂಟೆ ದಾಟಿದ ಮೇಲೆ ಇಳಿತ, ಸಂಜೆ 6:25ಕ್ಕೆ ಮತ್ತೆ ಉಬ್ಬರ, ನಾಳೆ ಬೆಳಿಗ್ಗೆ 6:50ಕ್ಕೆ ಇನ್ನೊಂದು. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ ಇರುತ್ತದೆ. ಆದ್ದರಿಂದ ನೀವು ಹೋಗುವ ಜಾಗದ್ದೇ ಉಬ್ಬರ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ನಾಲ್ಕು ದಿನದ್ದು ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿದ್ದರೆ ಸಾಕು ಅಂದುಕೊಳ್ಳಬೇಡಿ. ಸಿಗ್ನಲ್ ಇರುವುದಿಲ್ಲ, ಚಾರ್ಜ್ ಇರುವುದಿಲ್ಲ, ಬೇಕಾದಾಗ ಸಿಗುವುದೇ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ನೀರು ಆರು ಗಂಟೆಯೂ ಒಂದೇ ಸಮ ಏರುವುದಿಲ್ಲ. ಮೊದಲ ಗಂಟೆ ನಿಧಾನ. ಮೂರನೆಯ ಮತ್ತು ನಾಲ್ಕನೆಯ ಗಂಟೆ ಸೇರಿ ಒಟ್ಟು ಏರಿಕೆಯ ಸುಮಾರು ಅರ್ಧದಷ್ಟು ಆಗಿಬಿಡುತ್ತದೆ. ಕೊನೆಗೆ ಮತ್ತೆ ನಿಧಾನ. ಬಂಡೆಗಳ ಸಂದಿಯಲ್ಲಿ, ಪಕ್ಕದ ಸಣ್ಣ ಕೊಲ್ಲಿಯಲ್ಲಿ ನಡೆದುಹೋದವರು ಸಿಕ್ಕಿಹಾಕಿಕೊಳ್ಳುವುದು ಈ ನಡುವಿನ ಎರಡು ಗಂಟೆಯಲ್ಲೇ. ಇಳಿತ ಇನ್ನೂ ಮುಗಿಯುವ ಮೊದಲೇ ಹೊರಟು, ನೀರು ತಿರುಗುವ ಹೊತ್ತಿಗೆ ವಾಪಸ್ ಹೊರಡುವುದು ಸರಿ.

ಹೆಜ್ಜೆ 3: ಚೀಲ ತುಂಬುವುದು

ಬಟ್ಟೆ ಕಡಿಮೆ ಸಾಕು. ಹಗುರ ಹತ್ತಿಯದ್ದು ಮೂರು ಜೊತೆ, ರಾತ್ರಿಗೆ ಉದ್ದ ತೋಳಿನದ್ದು ಒಂದು. ಬಟ್ಟೆಗಿಂತ ಈ ಕೆಳಗಿನವು ಮುಖ್ಯ.

ಹಣೆಗೆ ಕಟ್ಟುವ ಟಾರ್ಚ್, ಕೆಂಪು ಬೆಳಕೂ ಇರುವಂಥದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಪವರ್ ಬ್ಯಾಂಕ್. ಹತ್ತು ಮೀಟರ್ ನೈಲಾನ್ ಹಗ್ಗ ಮತ್ತು ಬಟ್ಟೆ ಕ್ಲಿಪ್. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಐದಾರು. ಸ್ವಂತ ಸೊಳ್ಳೆ ಪರದೆ, ಅಲ್ಲಿನದ್ದು ಹರಿದಿರಬಹುದು. ತೆಳ್ಳನೆಯ ಹೊದಿಕೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಒಂದು ಸೀಟಿ. ಒಂದು ಮೇಣದಬತ್ತಿಯ ತುಂಡು, ಹಚ್ಚುವುದಕ್ಕಲ್ಲ. ಉಪ್ಪಿನ ಗಾಳಿಗೆ ಚೀಲದ ಜಿಪ್ ಎರಡೇ ದಿನಕ್ಕೆ ಬಿಗಿದುಕೊಳ್ಳುತ್ತದೆ, ಅದರ ಹಲ್ಲಿಗೆ ಮೇಣ ಉಜ್ಜಿದರೆ ಸರಾಗ. ಜೊತೆಗೆ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಚಿಕ್ಕ ಬಾಟಲಿ.

ಔಷಧದ ಡಬ್ಬಿಯಲ್ಲಿ ಓಆರ್‌ಎಸ್ ಪೊಟ್ಟಣ, ಅಲರ್ಜಿ ಮಾತ್ರೆ, ಚಿಮಟ, ಬ್ಯಾಂಡೇಜ್, ವಿನೆಗರ್‌ನ ಒಂದು ಬಾಟಲಿ ಇರಲಿ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು. ಎರಡು ಗಂಟೆಗೊಮ್ಮೆ, ನೀರಿಂದ ಎದ್ದು ಬಂದಾಗಲೆಲ್ಲ ಮತ್ತೆ ಹಚ್ಚಬೇಕು. ಸೊಳ್ಳೆಯ ಕ್ರೀಮೂ ಹಚ್ಚುವುದಾದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಯದ್ದು.

ಸ್ಪೀಕರ್ ತರಬೇಡಿ. ಇದು ನನ್ನ ಕೋರಿಕೆ. ಪ್ರಶಾಂತ ತೀರಕ್ಕೆ ಬಂದವರೆಲ್ಲ ಅಲೆಯ ಸದ್ದು ಕೇಳಲು ಬಂದಿರುತ್ತಾರೆ.

ಹೆಜ್ಜೆ 4: ಬೆಳಕಿರುವಾಗಲೇ ತಲುಪಿ, ಮೊದಲ ಗಂಟೆ ನೋಡುತ್ತ ಕಳೆಯಿರಿ

ಕತ್ತಲಲ್ಲಿ ತಲುಪಿದರೆ ಆ ರಾತ್ರಿ ಹಾಳು ಅಂತಲೇ ಲೆಕ್ಕ. ಕನಿಷ್ಠ ಎರಡು ಗಂಟೆ ಬೆಳಕು ಉಳಿದಿರುವಂತೆ ಹೊರಡಿ. ತಲುಪಿದ ತಕ್ಷಣ ನೀರಿಗೆ ಇಳಿಯಬೇಡಿ. ಚೀಲ ಇಟ್ಟು, ಮೊದಲು ಗುಡಿಸಲಿನ ಬಾಗಿಲಿಂದ ನೀರಿನವರೆಗೆ ನಿಧಾನವಾಗಿ ನಡೆಯಿರಿ.

ನಡೆಯುವಾಗ ಮರಳಿನಲ್ಲಿ ಒಂದು ಗೆರೆ ಸಿಗುತ್ತದೆ. ಒಣ ಪಾಚಿ, ಮುರಿದ ಚಿಪ್ಪು, ಕಡ್ಡಿ, ಹಕ್ಕಿಯ ಗರಿ, ಬಾಟಲಿಯ ಮುಚ್ಚಳ, ಎಲ್ಲವೂ ಒಂದು ದಾರದಲ್ಲಿ ಪೋಣಿಸಿದ ಹಾಗೆ ತೀರದ ಉದ್ದಕ್ಕೂ ಬಿದ್ದಿರುತ್ತವೆ. ಕಳೆದ ಉಬ್ಬರ ಮುಟ್ಟಿದ ಗೆರೆ ಅದು. ಪಾಚಿಯನ್ನು ಕೈಯಲ್ಲಿ ಮುಟ್ಟಿ ನೋಡಿ. ತೇವ ಇದ್ದರೆ ಇವತ್ತಿನದು. ಅದರಾಚೆ, ಗುಡಿಸಲಿನ ಕಡೆಗೆ ಇನ್ನೊಂದು ಗೆರೆ ಇರಬಹುದು. ಅಲ್ಲಿನ ಪಾಚಿ ಕಪ್ಪಗೆ, ಬೆರಳಲ್ಲಿ ಹಿಡಿದರೆ ಪುಡಿಪುಡಿ ಆಗುತ್ತದೆ. ಅದು ಕಳೆದ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಗುರುತು. ಅದರಾಚೆಗೂ ದೊಡ್ಡ ಮರದ ತುಂಡು ಬಿದ್ದಿದ್ದರೆ ಯಾವುದೋ ಬಿರುಗಾಳಿಗೆ ನೀರು ಅಲ್ಲಿವರೆಗೆ ಬಂದಿತ್ತು ಅಂತ. ಈ ಗೆರೆಗಳು ಗುಡಿಸಲಿನಿಂದ ಎಷ್ಟು ಹೆಜ್ಜೆ ಅಂತ ಎಣಿಸಿ. ಕುರ್ಚಿ, ಚಾಪೆ, ಚಪ್ಪಲಿ ಎಲ್ಲವೂ ಎರಡನೆಯ ಗೆರೆ ದಾಟಿ, ಗುಡಿಸಲಿನ ಕಡೆಗೇ ಇರಬೇಕು. ಇಷ್ಟು ನೋಡಿಕೊಂಡರೆ ನನ್ನ ಮೊದಲ ರಾತ್ರಿ ನಿಮಗೆ ಬರುವುದಿಲ್ಲ.

ಆಮೇಲೆ ಮೇಲೆ ನೋಡಿ. ತೆಂಗಿನ ಮರದ ಕೆಳಗೆ ತೂಗುಮಂಚ ಕಟ್ಟಬೇಡಿ, ಎಷ್ಟೇ ಚೆಂದ ಕಂಡರೂ. ಗುಡಿಸಲಿನ ಮೂಲೆ, ಮಂಚದ ಕೆಳಗೆ, ಮಾಡಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಶೌಚಾಲಯಕ್ಕೆ ಒಮ್ಮೆ ಹೋಗಿ ಬನ್ನಿ, ಕತ್ತಲಲ್ಲಿ ಕಾಲಿಗೆ ದಾರಿ ನೆನಪಿರುತ್ತದೆ. ಬೀಗ ಹಾಕಿ ತೆಗೆದು ನೋಡಿ. ಉಪ್ಪಿಗೆ ಬಿಗಿದಿದ್ದರೆ ಎರಡು ಹನಿ ಎಣ್ಣೆ ಬಿಡಿ.

ಕೊನೆಯದಾಗಿ, ಎತ್ತರದ ಜಾಗಕ್ಕೆ ಹೋಗುವ ದಾರಿ ಯಾವುದು ಅಂತ ನೋಡಿಟ್ಟುಕೊಳ್ಳಿ. ಇದು ಹೆದರಿಸುವುದಕ್ಕಲ್ಲ. ತೀರದಲ್ಲಿ ಮಲಗುವವರಿಗೆ ಸುನಾಮಿಯ ಮೂರು ಸೂಚನೆ ಗೊತ್ತಿರಲೇಬೇಕು: ನಿಲ್ಲಲು ಆಗದಷ್ಟು ಜೋರಾಗಿ ಅಥವಾ ತುಂಬಾ ಹೊತ್ತು ನೆಲ ನಡುಗುವುದು, ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಾಣುವುದು, ದೂರದಿಂದ ವಿಮಾನದಂಥ ಮೊರೆತ ಬರುವುದು. ಮೂರರಲ್ಲಿ ಒಂದು ಕಂಡರೂ ಎಚ್ಚರಿಕೆಯ ಸೈರನ್‌ಗೆ ಕಾಯಬೇಡಿ, ಸಾಮಾನಿಗೆ ತಿರುಗಬೇಡಿ, ಎತ್ತರಕ್ಕೆ ಓಡಿ. ಸಾಧ್ಯವಾದರೆ 30 ಮೀಟರ್ ಎತ್ತರ ಅಥವಾ 3 ಕಿಲೋಮೀಟರ್ ಒಳಕ್ಕೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಎಷ್ಟೋ ತೀರಗಳಲ್ಲಿ ಜನ ಬರಿದಾದ ಸಮುದ್ರದ ತಳ ನೋಡಲು ಮುಂದೆ ಹೋದರು. ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಇದ್ದ ಇಂಡೋನೇಷ್ಯಾದ ಸಿಮೆಯುಲೂ ದ್ವೀಪದಲ್ಲಿ ಮಾತ್ರ ಬೆರಳೆಣಿಕೆಯ ಜನ ಸತ್ತರು. 1907ರ ಸುನಾಮಿಯ ನೆನಪನ್ನು ಅಲ್ಲಿನ ಅಜ್ಜ ಅಜ್ಜಿಯರು ಹಾಡಾಗಿ, ಕಥೆಯಾಗಿ ಹೇಳುತ್ತ ಬಂದಿದ್ದರು. ನೆಲ ನಡುಗಿ ನೀರು ಸರಿದರೆ ಗುಡ್ಡ ಹತ್ತು ಅಂತ ಮಕ್ಕಳಿಗೂ ಗೊತ್ತಿತ್ತು.

ಹೆಜ್ಜೆ 5: ನೀರು, ಉಪ್ಪು, ಮರಳು

ಬಾಗಿಲ ಪಕ್ಕ ಒಂದು ಬಕೆಟ್ ನೀರು ಮತ್ತು ಮಗ್ ಇಡಿ. ಪಕ್ಕದಲ್ಲಿ ಒಂದು ಗೋಣಿಚೀಲದ ತುಂಡು. ಒಳಗೆ ಬರುವ ಪ್ರತಿಯೊಬ್ಬರೂ ಕಾಲು ತೊಳೆದು, ಗೋಣಿಗೆ ಒರೆಸಿಯೇ ಬರಬೇಕು. ಈ ಒಂದು ಕಟ್ಟುಪಾಡು ಮೊದಲ ದಿನವೇ ಮಾಡಿಕೊಳ್ಳಿ. ಹಾಸಿಗೆಗೆ ಒಮ್ಮೆ ಮರಳು ಬಂದರೆ ನಾಲ್ಕೂ ರಾತ್ರಿ ಇರುತ್ತದೆ. ಮೈಗೆ ಅಂಟಿದ ಒದ್ದೆ ಮರಳನ್ನು ಉಜ್ಜಬೇಡಿ, ಚರ್ಮ ಕೆರೆಯುತ್ತದೆ. ಸುಮ್ನೆ ಹತ್ತು ನಿಮಿಷ ಗಾಳಿಗೆ ಕೂತರೆ ಒಣಗಿ ತಾನಾಗಿ ಉದುರುತ್ತದೆ.

ಸಮುದ್ರದಿಂದ ಎದ್ದು ಬಂದ ಬಟ್ಟೆಯನ್ನು ಹಾಗೇ ಒಣಗಿಸಿದರೆ ಅದು ಒಣಗುವುದೇ ಇಲ್ಲ, ಗಮನಿಸಿದ್ದೀರಾ? ಮಧ್ಯಾಹ್ನ ಗರಿಗರಿ ಆಗಿರುತ್ತದೆ, ರಾತ್ರಿ ಮುಟ್ಟಿದರೆ ಮತ್ತೆ ತಣ್ಣಗೆ ಒದ್ದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಟ್ಟೆಯಲ್ಲಿ ಉಳಿದ ಆ ಉಪ್ಪು ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಅರ್ಧ ಬಕೆಟ್ ಸಿಹಿನೀರಲ್ಲಿ ಒಮ್ಮೆ ಅದ್ದಿ ಹಿಂಡಿದರೆ ಸಾಕು.

ಹಾಗಂತ ಸಿಹಿನೀರನ್ನು ಧಾರಾಳವಾಗಿ ಬಳಸಬೇಡಿ. ತೀರದ ಬಾವಿಗಳ ಬಗ್ಗೆ ನನಗೆ ತುಂಬಾ ಕಾಳಜಿ ಇದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಕಡಲ ಪಕ್ಕದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲಕ್ಕೆ ಸಿಹಿನೀರು ಇದ್ದರೆ, ಕೆಳಗೆ ಅಂದಾಜು 40 ಮೀಟರ್ ಆಳದವರೆಗೆ ಅದು ಉಪ್ಪುನೀರನ್ನು ಒತ್ತಿ ಹಿಡಿದಿರುತ್ತದೆ. ಮೇಲಿನ ಮಟ್ಟ ಸ್ವಲ್ಪ ಇಳಿದರೂ ಕೆಳಗಿನ ಉಪ್ಪು ಅದರ ನಲವತ್ತು ಪಟ್ಟು ಮೇಲೆ ಬರಬಹುದು. ಪ್ರವಾಸಿಗರೆಲ್ಲ ಪಂಪ್ ಹಾಕಿ ದಿನಕ್ಕೆ ಮೂರು ಸಲ ಸ್ನಾನ ಮಾಡಿದರೆ ಆ ಊರಿನವರ ಬಾವಿ ಉಪ್ಪಾಗುತ್ತದೆ. ಉಪ್ಪಾದ ಬಾವಿ ಸರಿಹೋಗಲು ವರ್ಷಗಳೇ ಬೇಕು. ನಾವು ನಾಲ್ಕು ದಿನಕ್ಕೆ ಹೊರಟು ಹೋಗುತ್ತೇವೆ, ಅವರು ಅಲ್ಲೇ ಇರಬೇಕಲ್ವಾ. ಮಗ್‌ನಲ್ಲಿ ಸ್ನಾನ ಮಾಡಿ. ಒಬ್ಬರಿಗೆ ಒಂದು ಬಕೆಟ್ ಸಾಕು.

ಕುಡಿಯುವ ನೀರು ಬಾವಿಯದ್ದಾದರೆ ಕುದಿಸಿ. ಗುಳ್ಳೆ ಜೋರಾಗಿ ಏಳತೊಡಗಿದ ಮೇಲೆ ಒಂದು ನಿಮಿಷ ಬಿಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಬಿಸಿಲಿನಲ್ಲಿ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಿಡಿಯಿರಿ. ಒಣ ಶೌಚಾಲಯ ಇದ್ದರೆ ಪ್ರತಿ ಸಲ ಒಂದು ಹಿಡಿ ಮರದ ಹೊಟ್ಟು ಅಥವಾ ಬೂದಿ ಹಾಕಿ, ಗುಂಡಿಗೆ ನೀರು ಸುರಿಯಬೇಡಿ. ಒಣಗಿದ್ದಷ್ಟೂ ವಾಸನೆ ಕಡಿಮೆ.

ಬೆಂಕಿಯ ವಿಷಯದಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬಿಡಬೇಡಿ. ಹುಲ್ಲಿನ ಮಾಡು ಹತ್ತಿಕೊಂಡರೆ ಹೊರಗೆ ಬರಲು ಸಿಗುವ ಸಮಯ ತೀರಾ ಕಡಿಮೆ. ಒಳಗೆ ಮೇಣದಬತ್ತಿ ಬೇಡ, ಪರದೆಯ ಹತ್ತಿರ ಸೊಳ್ಳೆಬತ್ತಿ ಬೇಡ. ಅಡುಗೆ ಹೊರಗೆ, ಕಿಡಿ ಮಾಡಿನ ಕಡೆ ಹಾರದ ದಿಕ್ಕಿನಲ್ಲಿ. ಮಳೆ ಬಂತು, ಚಳಿ ಆಯಿತು ಅಂತ ಇದ್ದಿಲ ಒಲೆಯನ್ನು ಒಳಗೆ ತಂದು ಬಾಗಿಲು ಹಾಕಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. ತೀರದಲ್ಲಿ ಬೆಂಕಿ ಹಾಕಲು ಅನುಮತಿ ಇದ್ದರೆ, ಆರಿಸುವಾಗ ಮರಳು ಮುಚ್ಚಬೇಡಿ. ಮರಳಿನಡಿ ಕೆಂಡ ಗಂಟೆಗಟ್ಟಲೆ ಬಿಸಿ ಇರುತ್ತದೆ. ಬೆಳಿಗ್ಗೆ ಬರಿಗಾಲಲ್ಲಿ ಓಡಿಬರುವ ಮಗುವಿಗೆ ಅದು ಕಾಣುವುದಿಲ್ಲ. ನೀರು ಸುರಿದು, ಕೆದಕಿ, ಮತ್ತೆ ನೀರು ಸುರಿಯಿರಿ.

ಹೆಜ್ಜೆ 6: ನೀರಿಗೆ ಇಳಿಯುವುದು

ಪ್ರಶಾಂತ ತೀರ ಅಂದರೆ ಜನ ಇಲ್ಲದ ತೀರ. ಜನ ಇಲ್ಲ ಅಂದರೆ ಕಾಯುವವರೂ ಇಲ್ಲ. ಹಾಗಾಗಿ ಒಬ್ಬರೇ ಇಳಿಯಬಾರದು, ಕುಡಿದು ಇಳಿಯಬಾರದು, ಕತ್ತಲಾದ ಮೇಲೆ ಇಳಿಯಬಾರದು. ಒಬ್ಬರು ಯಾವಾಗಲೂ ದಡದಲ್ಲಿ ನಿಂತು ನೋಡುತ್ತಿರಬೇಕು, ಫೋನ್ ನೋಡುತ್ತ ಅಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಸೆಳೆತ, ಅಂದರೆ ರಿಪ್ ಕರೆಂಟ್. ಅಲೆಗಳು ದಡಕ್ಕೆ ತಂದ ನೀರು ಎಲ್ಲಾದರೂ ವಾಪಸ್ ಹೋಗಲೇಬೇಕು. ಮರಳ ದಿಬ್ಬದ ನಡುವೆ ತಗ್ಗು ಸಿಕ್ಕ ಕಡೆ ಅದು ಕಿರಿದಾದ ಹೊಳೆಯ ಹಾಗೆ ಸಮುದ್ರದ ಕಡೆ ಹರಿಯುತ್ತದೆ. ಜೋರಿನ ಸೆಳೆತ ಸೆಕೆಂಡಿಗೆ ಎರಡು ಮೀಟರಿಗೂ ಮೀರುವುದುಂಟು. ಒಳ್ಳೆಯ ಈಜುಗಾರರೂ ಅದರ ಎದುರು ಈಜಿ ಗೆಲ್ಲಲಾರರು.

ಇದನ್ನು ಗುರುತಿಸುವುದು ಕಲಿಯಬಹುದು. ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ. ಎರಡು ಕಡೆ ಅಲೆ ಬಿಳಿಯಾಗಿ ಒಡೆಯುತ್ತಿರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರು ಗಾಢ ಬಣ್ಣಕ್ಕೆ, ನುಣ್ಣಗೆ ಕಾಣುತ್ತದೆ. ನೊರೆ, ಪಾಚಿ ಆ ಪಟ್ಟಿಯಲ್ಲಿ ಹೊರಕ್ಕೆ ಹೋಗುತ್ತಿರುತ್ತದೆ. ಈಜು ಬಾರದವರು, ಮಕ್ಕಳನ್ನು ಕರೆತಂದವರು "ಇಲ್ಲಿ ಅಲೆ ಇಲ್ಲ, ಶಾಂತವಾಗಿದೆ" ಅಂತ ಆರಿಸಿಕೊಳ್ಳುವುದು ಸರಿಯಾಗಿ ಅದೇ ಜಾಗವನ್ನು. ಇದನ್ನು ಬರೆಯುವಾಗಲೂ ನನಗೆ ಎದೆ ಭಾರ ಆಗುತ್ತದೆ. ಶಾಂತವಾಗಿ ಕಾಣುವ ಪಟ್ಟಿಗೆ ಇಳಿಯಬೇಡಿ.

ಸಿಕ್ಕಿಕೊಂಡರೆ ಏನು ಮಾಡಬೇಕು? ಮೊದಲು, ದಡದ ಕಡೆ ಈಜುವುದನ್ನು ನಿಲ್ಲಿಸಿ. ಬೆನ್ನ ಮೇಲೆ ತೇಲಿ, ಉಸಿರು ಸರಿಮಾಡಿಕೊಳ್ಳಿ. ಸೆಳೆತ ನಿಮ್ಮನ್ನು ಹೊರಕ್ಕೆ ಒಯ್ಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ಕೈ ಎತ್ತಿ ಬೀಸಿ, ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆಗೆ ಈಜಿ. ಆ ಬಿಳಿ ನೊರೆಯೇ ನಿಮ್ಮನ್ನು ದಡಕ್ಕೆ ತರುತ್ತದೆ. ದಡದಲ್ಲಿರುವವರು ಅವರ ಹಿಂದೆಯೇ ನೀರಿಗೆ ಹಾರಬೇಡಿ. ಕಾಪಾಡಲು ಹೋದವರೇ ಮುಳುಗಿದ ಉದಾಹರಣೆ ತುಂಬಾ ಇವೆ. ಖಾಲಿ ಕ್ಯಾನ್, ಮುಚ್ಚಳ ಬಿಗಿದ ದೊಡ್ಡ ಬಾಟಲಿ, ಏನಾದರೂ ತೇಲುವಂಥದ್ದನ್ನು ಎಸೆಯಿರಿ. ಒಂದು ಖಾಲಿ ಕ್ಯಾನಿಗೆ ಚೀಲದಲ್ಲಿರುವ ಹಗ್ಗ ಕಟ್ಟಿ ದಡದಲ್ಲೇ ಇಟ್ಟುಕೊಳ್ಳುವುದು ನನ್ನ ರೂಢಿ.

ಆಳ ಇಲ್ಲದ ನೀರಲ್ಲಿ ನಡೆಯುವಾಗ ಕಾಲು ಎತ್ತಿಡದೆ ಮರಳಲ್ಲಿ ಎಳೆಯುತ್ತ ನಡೆಯಿರಿ. ಮರಳಲ್ಲಿ ಹುದುಗಿ ಮಲಗಿರುವ ತೊರಕೆ ಮೀನು ಆ ಅಲುಗಾಟಕ್ಕೇ ಸರಿದು ಹೋಗುತ್ತದೆ. ಅದರ ಬಾಲದ ಮುಳ್ಳು ಚುಚ್ಚಿದರೆ, ಸುಡದಷ್ಟು ಬಿಸಿ ನೀರಲ್ಲಿ, ಅಂದರೆ ಸುಮಾರು 45 ಡಿಗ್ರಿಯಲ್ಲಿ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕಾಲು ಇಟ್ಟರೆ ನೋವು ಇಳಿಯುತ್ತದೆ. ಗಾಯವನ್ನು ವೈದ್ಯರಿಗೆ ತೋರಿಸಲೇಬೇಕು. ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ. ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಬಾಕ್ಸ್ ಜೆಲ್ಲಿಫಿಶ್ ಅನ್ನುವ ತುಂಬಾ ವಿಷದ ಜಾತಿ ಇರುವ ಬೆಚ್ಚನೆಯ ಕಡಲುಗಳಲ್ಲಿ ಎಳೆ ತೆಗೆಯುವ ಮೊದಲೇ ವಿನೆಗರ್ ಸುರಿಯುತ್ತಾರೆ. ಉಸಿರಾಟ ಕಷ್ಟವಾದರೆ, ಎದೆ ಹಿಡಿದರೆ ನೇರ ಆಸ್ಪತ್ರೆಗೆ. ಸತ್ತು ದಡಕ್ಕೆ ಬಿದ್ದ ಜೆಲ್ಲಿಫಿಶ್ ಕೂಡ ಚುಚ್ಚುತ್ತದೆ, ಮಕ್ಕಳಿಗೆ ಹೇಳಿರಿ.

ಗುಡುಗು ಕೇಳಿಸಿದರೆ ತಕ್ಷಣ ನೀರಿಂದ ಎದ್ದು ಬನ್ನಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬೇಡಿ. ಹುಲ್ಲಿನ ಗುಡಿಸಲು ಮಳೆ ತಡೆಯುತ್ತದೆ, ಸಿಡಿಲನ್ನಲ್ಲ. ಗಟ್ಟಿ ಕಟ್ಟಡ ಅಥವಾ ಬಾಗಿಲು ಮುಚ್ಚಿದ ಕಾರು ಹತ್ತಿರ ಇದ್ದರೆ ಅಲ್ಲಿಗೆ ಹೋಗಿ.

ಹೆಜ್ಜೆ 7: ರಾತ್ರಿ

ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ತಿರುಗಿ ನೆಲದಿಂದ ಸಮುದ್ರಕ್ಕೆ ಹೋಗುತ್ತದೆ. ಈ ತಿರುವಿನ ನಡುವೆ, ಸಂಜೆಗತ್ತಲಲ್ಲಿ ಸ್ವಲ್ಪ ಹೊತ್ತು ಗಾಳಿಯೇ ಇರುವುದಿಲ್ಲ. ಸೊಳ್ಳೆ, ಮರಳುನೊಣ ಮೇಲೆ ಬೀಳುವುದು ಆಗಲೇ, ಗಾಳಿ ಇದ್ದರೆ ಅವಕ್ಕೆ ಹಾರಲಾಗುವುದಿಲ್ಲ. ಆದ್ದರಿಂದ ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಪರದೆ ಕಟ್ಟಿ, ಉದ್ದ ತೋಳು ಹಾಕಿಕೊಳ್ಳಿ.

ಪರದೆ ಕಟ್ಟುವುದಕ್ಕೂ ಒಂದು ಕ್ರಮ ಇದೆ. ನಾಲ್ಕೂ ಮೂಲೆ ಬಿಗಿಯಾಗಿ ಎಳೆದು ಕಟ್ಟಿ, ನಡುವೆ ಜೋಲಬಾರದು. ಜೋತರೆ ನಿದ್ದೆಯಲ್ಲಿ ಮೊಣಕೈ ತಾಗುತ್ತದೆ, ಸೊಳ್ಳೆ ಹೊರಗಿಂದಲೇ ಕಚ್ಚುತ್ತದೆ. ಅಂಚನ್ನು ಹಾಸಿಗೆಯ ಕೆಳಗೆ ಒಂದು ಗೇಣು ಒಳಕ್ಕೆ ತುರುಕಿ. ಒಳಗೆ ನುಗ್ಗಿದ ಮೇಲೆ, ನೀವು ಬಂದ ಬದಿಯನ್ನು ಒಳಗಿಂದಲೇ ಮತ್ತೆ ತುರುಕಬೇಕು. ಆಮೇಲೆ ಟಾರ್ಚ್ ಹಾಕಿ ನಾಲ್ಕು ಮೂಲೆ ನೋಡಿ. ಒಂದೇ ಒಂದು ಸೊಳ್ಳೆ ಒಳಗಿದ್ದರೂ ನಿದ್ದೆ ಇಲ್ಲ.

ಸಮುದ್ರದ ಕಡೆ ಮುಖ ಮಾಡಿದ ದೀಪಗಳನ್ನೆಲ್ಲ ಆರಿಸಿ. ಆಮೆ ಮೊಟ್ಟೆಯಿಡುವ ತೀರಗಳಲ್ಲಿ ಇದು ದೊಡ್ಡ ವಿಷಯ. ಮೊಟ್ಟೆಯಿಂದ ಬಂದ ಆಮೆ ಮರಿಗಳು ಬೆಳಕು ಹೆಚ್ಚಿರುವ ಕಡೆಗೆ ಹೋಗುತ್ತವೆ. ದೀಪಗಳಿಲ್ಲದ ಕಾಲದಲ್ಲಿ ಆ ಬೆಳಕು ಸಮುದ್ರದ ಮೇಲಿನ ಬಾನು. ನಮ್ಮ ಬಲ್ಬ್ ಉರಿಯುತ್ತಿದ್ದರೆ ಮರಿಗಳು ಗುಡಿಸಲಿನ ಕಡೆ ತೆವಳಿ ಬಂದು, ಬೆಳಗಾಗುವ ಹೊತ್ತಿಗೆ ಕಾಗೆ, ನಾಯಿ, ಬಿಸಿಲಿಗೆ ತುತ್ತಾಗುತ್ತವೆ. ನಡೆದಾಡಲು ಕೆಂಪು ಬೆಳಕು ಬಳಸಿ, ಅದು ಅವುಗಳಿಗೆ ಅಷ್ಟಾಗಿ ಕಾಣುವುದಿಲ್ಲ. ಸಂಜೆ ಮಕ್ಕಳು ತೋಡಿದ ಗುಂಡಿಗಳನ್ನು ಮುಚ್ಚಿಸಿ, ಕುರ್ಚಿ ಒಳಗಿಡಿ. ತಾಯಿ ಆಮೆ ಮೇಲೆ ಬರುತ್ತಿರುವುದು ಕಂಡರೆ ದೂರ ನಿಂತು, ಫ್ಲ್ಯಾಶ್ ಇಲ್ಲದೆ, ಸದ್ದಿಲ್ಲದೆ ನೋಡಿ.

ದೀಪ ಆರಿಸಿದ್ದಕ್ಕೆ ಕೆಲವು ತೀರಗಳಲ್ಲಿ ಇನ್ನೊಂದು ನೋಟವೂ ಸಿಗುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಕೊಟ್ಟು ನೀರಿನಂಚಿಗೆ ಹೋಗಿ, ಒದ್ದೆ ಮರಳನ್ನು ಕಾಲಿಂದ ಒದೆಯಿರಿ. ಅದೃಷ್ಟ ಇದ್ದರೆ ಹೆಜ್ಜೆಯ ಸುತ್ತ ನೀಲಿ ಮಿನುಗು ಹರಡಿ ಆರುತ್ತದೆ. ಅಲೆ ಮಗುಚುವ ಕಡೆ ಉದ್ದಕ್ಕೂ ನೀಲಿ ಗೆರೆ ಓಡುತ್ತದೆ. ನೋಕ್ಟಿಲೂಕಾದಂಥ ಅತಿ ಸಣ್ಣ ಜೀವಿಗಳು ಅಲುಗಾಡಿದಾಗ ಕೊಡುವ ಬೆಳಕು ಅದು. ಫೋನಿನಲ್ಲಿ ಸರಿಯಾಗಿ ಬರುವುದಿಲ್ಲ, ಕಣ್ಣಲ್ಲೇ ನೋಡಿ. ನೀರಿಗೆ ಮಾತ್ರ ಇಳಿಯಬೇಡಿ.

ಬೆಳಿಗ್ಗೆ ಚಪ್ಪಲಿ, ಬಟ್ಟೆ ಕೊಡವಿಯೇ ಹಾಕಿಕೊಳ್ಳಿ. ಚೇಳಿಗೆ ಅಂಥ ಜಾಗ ಇಷ್ಟ. ತೀರದಲ್ಲಿ ಬಲೆ ಹರಡಿದ್ದರೆ ದಾಟಬೇಡಿ, ಸುತ್ತಿ ಹೋಗಿ. ದೋಣಿಯ ಮೇಲೆ ಕೂರಬೇಡಿ. ಅದು ಯಾರದೋ ದುಡಿಮೆ.

ಹೆಜ್ಜೆ 8: ಹೊರಡುವ ದಿನ

ತಂದದ್ದನ್ನೆಲ್ಲ ವಾಪಸ್ ಒಯ್ಯಿರಿ, ಕಸ ಸಮೇತ. ಇಂಥ ಜಾಗಗಳಲ್ಲಿ ಕಸದ ಗಾಡಿ ಬರುವುದು ಅಪರೂಪ, ಬಿಟ್ಟಿದ್ದು ಸಮುದ್ರಕ್ಕೇ ಹೋಗುತ್ತದೆ. ಚಿಪ್ಪುಗಳನ್ನು ಅಲ್ಲೇ ಬಿಡಿ. ಸನ್ಯಾಸಿ ಏಡಿಗಳು ಖಾಲಿ ಚಿಪ್ಪನ್ನೇ ಮನೆ ಮಾಡಿಕೊಂಡು ಬದುಕುತ್ತವೆ, ಬೆಳೆದ ಹಾಗೆ ದೊಡ್ಡದಕ್ಕೆ ಬದಲಾಗಬೇಕು. ಬಕೆಟ್ ಖಾಲಿ ಮಾಡಿ ಬೋರಲು ಹಾಕಿ, ನಿಂತ ನೀರಲ್ಲಿ ಸೊಳ್ಳೆ ಹುಟ್ಟುತ್ತದೆ. ಗುಡಿಸುವಾಗ ಮರಳನ್ನು ಹೊಸ್ತಿಲಾಚೆ ಗುಡಿಸಿ.

ನಾನು ಕೊನೆಗೆ ಮಾಡುವುದು ಎರಡು ಕೆಲಸ. ಬೀಗಕ್ಕೆ ಎರಡು ಹನಿ ಎಣ್ಣೆ. ಬಾಗಿಲ ಒಳಬದಿಗೆ ಮುಂದಿನ ಮೂರು ದಿನದ ಉಬ್ಬರದ ವೇಳೆ ಬರೆದ ಒಂದು ಚೀಟಿ. ಅದರ ಕೆಳಗೆ "ಚಪ್ಪಲಿ ಒಳಗಿಡಿ" ಅಂತ ಒಂದು ಸಾಲು.